ಕೋಲಾರದ ನೀರು, ಕಡಲಿನ ಮೀನು: ಹೊಸ ಉಪ್ಪುನೀರಿನ ಅಕ್ವೇರಿಯಂ ಕೆಟ್ಟಾಗ ಎಲ್ಲಿಂದ ಹುಡುಕಬೇಕು

ಉಪ್ಪುನೀರಿನ ಅಕ್ವೇರಿಯಂ ಇಟ್ಟು ಎರಡು ಮೂರು ವಾರ ಕಳೆಯುವಷ್ಟರಲ್ಲಿ ನೀರು ಹಾಲಿನಂತಾಗುವುದು, ಗಾಜಿಗೆ ಕಂದು ಪಾಚಿ ಹತ್ತುವುದು, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಇಳಿಯದೆ ನಿಲ್ಲುವುದು, ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಮಟ್ಟ, ಬೆಳಿಗ್ಗೆ ಒಂದು ಸಂಜೆ ಒಂದು ತೋರಿಸುವುದು, ಇವೆಲ್ಲ ಹೊಸಬರೆಲ್ಲರೂ ಎದುರಿಸುವ ಸಂಗತಿಗಳು. ಆಗ ಹೆಚ್ಚಿನವರು ಅಂಗಡಿಗೆ ಹೋಗಿ ಪಿಎಚ್ ಏರಿಸುವ ಬಾಟಲಿಯೊಂದು, ನೀರು ತಿಳಿಗೊಳಿಸುವ ಬಾಟಲಿಯೊಂದು, ಅಮೋನಿಯಾ ತೆಗೆಯುವ ಬಾಟಲಿಯೊಂದು ತಂದು ಒಂದೇ ಸಂಜೆ ಮೂರನ್ನೂ ಸುರಿಯುತ್ತಾರೆ. ಮರುದಿನ ಯಾವುದು ಮೂಲ ತೊಂದರೆ, ಯಾವುದು ಔಷಧದ ಫಲ ಎಂಬುದೇ ತಿಳಿಯದಂತಾಗುತ್ತದೆ. ಕೋಲಾರ ಮತ್ತು ಚಿಕ್ಕಬಳ್ಳಾಪುರದ ಸುತ್ತ ನಾನು ನೋಡಿರುವ ಹೊಸ ತೊಟ್ಟಿಗಳಲ್ಲಿ ತೊಂದರೆ ಬಹುಪಾಲು ಹೊರಗಿನಿಂದಲೇ ಬಂದಿತ್ತು: ತುಂಬಿದ ನೀರಿನಿಂದ, ಆ ನೀರನ್ನು ಹಿಡಿದಿಟ್ಟ ಪಾತ್ರೆಯಿಂದ, ತೊಟ್ಟಿಯೊಳಗೆ ಇಳಿದ ಕೈಯಿಂದ. ಆದ್ದರಿಂದ ಹುಡುಕಾಟವನ್ನೂ ಹೊರಗಿನಿಂದ ಒಳಕ್ಕೆ ನಡೆಸಬೇಕು. ಮೊದಲು ಅಳೆಯುವ ಸಾಧನ, ಅನಂತರ ಲವಣಾಂಶ, ಅನಂತರ ನೀರಿನ ಮೂಲ, ಇವು ಸರಿಯಿವೆ ಎಂದು ಖಚಿತವಾದ ಮೇಲೆ ಅಮೋನಿಯಾ, ಕ್ಷಾರೀಯತೆ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ), ಪಿಎಚ್. ಈ ಕ್ರಮವನ್ನು ಹಿಂದುಮುಂದು ಮಾಡಿದಾಗಲೆಲ್ಲ ನಾನು ಹಣವನ್ನೂ ಮೀನನ್ನೂ ಕಳೆದುಕೊಂಡಿದ್ದೇನೆ.

ಆರಂಭಿಸುವ ಮೊದಲು ನಿಮ್ಮ ತೊಟ್ಟಿಯಲ್ಲಿ ನಿಜಕ್ಕೂ ಎಷ್ಟು ಲೀಟರ್ ನೀರಿದೆ ಎಂದು ತಿಳಿದಿರಬೇಕು. ಒಂದು ಘನ ಅಡಿಗೆ ಸುಮಾರು 28.3 ಲೀಟರ್ ಎಂಬ ಲೆಕ್ಕ ಖಾಲಿ ಗಾಜಿನ ಪೆಟ್ಟಿಗೆಗೆ ಸರಿ. ಮರಳು, ಕಲ್ಲು ಹಾಕಿದ ಮೇಲೆ ಅದು ಗಣನೀಯವಾಗಿ ಕಡಿಮೆಯಾಗುತ್ತದೆ. ತುಂಬಿಸುವಾಗ 20 ಲೀಟರಿನ ಕ್ಯಾನ್ ಎಷ್ಟು ಬಾರಿ ಖಾಲಿಯಾಯಿತು ಎಂದು ಎಣಿಸಿ ಬರೆದಿಟ್ಟುಕೊಳ್ಳುವುದು ಎಲ್ಲಕ್ಕಿಂತ ನಂಬಲರ್ಹ ವಿಧಾನ. ಮುಂದೆ ಹೇಳುವ ಪ್ರಮಾಣಗಳೆಲ್ಲ ಈ ಸಂಖ್ಯೆಯ ಮೇಲೆಯೇ ನಿಂತಿವೆ.

ಅಳೆಯುವ ಸಾಧನವನ್ನು ಮೊದಲು ಪರೀಕ್ಷಿಸಿ

ಸಮುದ್ರದ ನೀರಿನ ಲವಣಾಂಶ ಸಾಮಾನ್ಯವಾಗಿ 35 ಪಿಪಿಟಿ, ಅಂದರೆ ಒಂದು ಕಿಲೋ ನೀರಿನಲ್ಲಿ 35 ಗ್ರಾಂ ಲವಣ. ಸಾಪೇಕ್ಷ ಸಾಂದ್ರತೆಯಲ್ಲಿ ಹೇಳುವುದಾದರೆ ಸುಮಾರು 1.026. ಇದನ್ನು ಅಳೆಯಲು ಅಗ್ಗದ ಮುಳ್ಳಿನ ಹೈಡ್ರೋಮೀಟರ್ ಬಳಸುವವರು ಆ ಮುಳ್ಳಿಗೆ ಅಂಟಿಕೊಳ್ಳುವ ಗಾಳಿಗುಳ್ಳೆಗಳನ್ನು ಗಮನಿಸಬೇಕು. ಗುಳ್ಳೆ ಮುಳ್ಳನ್ನು ಮೇಲಕ್ಕೆತ್ತುವುದರಿಂದ ಲವಣಾಂಶ ಇರುವುದಕ್ಕಿಂತ ಹೆಚ್ಚೆಂದು ಕಾಣುತ್ತದೆ; ಅದನ್ನು ನಂಬಿ ಸಾದಾ ನೀರು ಬೆರೆಸಿದರೆ ತೊಟ್ಟಿ ನಿಜಕ್ಕೂ ಸಪ್ಪೆಯಾಗುತ್ತದೆ.

ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರಿಂದ ಲವಣಾಂಶ ತೋರಿಸುವ ರಿಫ್ರಾಕ್ಟೋಮೀಟರ್ ಇದಕ್ಕಿಂತ ಉತ್ತಮ. ಆದರೆ ಅದರ ಜೊತೆ ಬರುವ ಚೀಟಿಯಲ್ಲಿ ಸಾದಾ ನೀರು ಬಿಟ್ಟು ಸೊನ್ನೆಗೆ ಹೊಂದಿಸಿದರೆ ಸಾಕೆಂದು ಬರೆದಿರುತ್ತದೆ. ಸೊನ್ನೆಯಲ್ಲಿ ಸರಿಯಿರುವ ಉಪಕರಣ 35ರ ಬಳಿ ಒಂದೆರಡು ಅಂಕ ತಪ್ಪಿರಬಹುದು, ನಮಗೆ ಬೇಕಾಗಿರುವುದು 35ರ ಬಳಿಯ ನಿಖರತೆ. ಇದಕ್ಕೆ 35 ಪಿಪಿಟಿಯ ಪ್ರಮಾಣ ದ್ರಾವಣ ಮಾರುಕಟ್ಟೆಯಲ್ಲಿ ಸಿಗುತ್ತದೆ. ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 73 ಗ್ರಾಂ ಪ್ಯಾಕೆಟ್ ಪುಡಿ ಉಪ್ಪನ್ನು ತೂಗಿ, 1,927 ಗ್ರಾಂ ಶುದ್ಧ ನೀರಿನಲ್ಲಿ ಪೂರ್ತಿ ಕರಗಿಸಬೇಕು. ಒಟ್ಟು 2 ಕಿಲೋ ಆಗುವ ಈ ದ್ರಾವಣ ಬೆಳಕನ್ನು ಬಾಗಿಸುವ ಪ್ರಮಾಣ 35 ಪಿಪಿಟಿ ಸಮುದ್ರದ ನೀರಿನದಕ್ಕೆ ಸಮನಾಗಿರುತ್ತದೆ. ನೀರನ್ನೂ ತೂಗಲೇಬೇಕು, ಲೋಟದ ಅಳತೆ ಸಲ್ಲದು. ಕಲ್ಲುಪ್ಪಿನಲ್ಲಿ ತೇವವಿರುವುದರಿಂದ ಅದೂ ಬೇಡ. ಈ ದ್ರಾವಣದ ಎರಡು ಹನಿ ಬಿಟ್ಟು, ಅರ್ಧ ನಿಮಿಷ ತಡೆದು, ಗೆರೆಯನ್ನು 35ಕ್ಕೆ ಹೊಂದಿಸಿ. ಇದು ಉಪಕರಣಕ್ಕೆ ಮಾತ್ರ ಮೀಸಲಾದ ದ್ರಾವಣ. ಅಡುಗೆ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಬಿಟ್ಟರೆ ಬೇರೇನೂ ಹೆಚ್ಚಾಗಿ ಇರುವುದಿಲ್ಲವಾದ್ದರಿಂದ ಅದನ್ನು ತೊಟ್ಟಿಗೆ ಎಂದೂ ಹಾಕಬಾರದು; ತೊಟ್ಟಿಗೆ ಬೇಕಾದುದು ಅಕ್ವೇರಿಯಂಗೆಂದೇ ಮಾರುವ ಸಮುದ್ರದ ಉಪ್ಪಿನ ಮಿಶ್ರಣ.

ಟೆಸ್ಟ್ ಕಿಟ್‌ಗಳ ವಿಷಯದಲ್ಲಿ ಮೂರು ಎಚ್ಚರಿಕೆಗಳನ್ನು ಹೇಳಿ ಮುಂದೆ ಹೋಗುತ್ತೇನೆ. ಬಾಟಲಿಯ ಮೇಲಿನ ಅವಧಿ ಮುಗಿದಿರಬಾರದು. ನೈಟ್ರೇಟ್ ಕಿಟ್‌ನ ಎರಡನೇ ಬಾಟಲಿಯಲ್ಲಿ ಪುಡಿ ತಳಕ್ಕೆ ಕೂರುವುದರಿಂದ ಅದನ್ನು ಕನಿಷ್ಠ 30 ಸೆಕೆಂಡು ಬಲವಾಗಿ ಅಲುಗಾಡಿಸಬೇಕು, ಇಲ್ಲವಾದರೆ ಇರುವ ನೈಟ್ರೇಟ್ ಇಲ್ಲವೆಂದು ತೋರುತ್ತದೆ. ಬಣ್ಣವನ್ನು ಹಗಲಿನ ಬೆಳಕಿನಲ್ಲಿ, ಬಿಳಿ ಕಾಗದದ ಮೇಲೆ ಹಿಡಿದು ನೋಡಬೇಕು. ತೊಟ್ಟಿಯ ನೀಲಿ ಎಲ್‌ಇಡಿ ದೀಪದ ಕೆಳಗೆ ಹಸಿರು ಹಳದಿಗಳ ವ್ಯತ್ಯಾಸವೇ ಕಾಣದು.

ನೀರು ಎಲ್ಲಿಂದ ಬಂತು

ನಮ್ಮ ಭಾಗದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮನೆಗೆ ಬರುವ ನೀರು ಬಹುಪಾಲು ಸಾವಿರ ಅಡಿಗೂ ಆಳದ ಕೊಳವೆಬಾವಿಯದು. ಗ್ರಾನೈಟ್ ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರದು. ಅದರಲ್ಲಿ ಗಡಸುತನ ಹೆಚ್ಚು, ಸಿಲಿಕಾ ಇರುತ್ತದೆ, ಹಲವೆಡೆ ಫ್ಲೋರೈಡ್ ಇದೆ. ಬಾಗೇಪಲ್ಲಿ, ಪಾವಗಡದ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೊಲದ ಗೊಬ್ಬರ ಮತ್ತು ಚರಂಡಿಯ ಸೋರಿಕೆಯಿಂದ ನೈಟ್ರೇಟ್ ಸೇರಿರುವ ಬಾವಿಗಳೂ ಬೇಕಾದಷ್ಟಿವೆ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯ ಮೂಲಕ ಹೇಮಾವತಿ ನೀರು ಬರುತ್ತದೆ, ಚಿಕ್ಕಬಳ್ಳಾಪುರಕ್ಕೆ ಜಕ್ಕಲಮಡುಗು ಜಲಾಶಯದ ನೀರಿದೆ. ಇಂತಹ ನೀರು ಕೊಳವೆಬಾವಿಯದಕ್ಕಿಂತ ಮೃದುವೇ ಆದರೂ ಅದರಲ್ಲಿ ಕ್ಲೋರಿನ್ ಇರುತ್ತದೆ, ಮತ್ತು ಬೇಸಿಗೆಯಲ್ಲಿ ಅದೇ ನಲ್ಲಿಯಲ್ಲಿ ಬೋರಿನ ನೀರು ಬೆರೆತು ಬರುವುದೂ ಉಂಟು. ಕುಡಿಯುವ ನೀರಿಗೆ ಭಾರತೀಯ ಮಾನಕ ನೈಟ್ರೇಟನ್ನು ಲೀಟರಿಗೆ 45 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಕರಗಿದ ಘನಾಂಶ 500 ಇದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 2,000 ಇದ್ದರೂ ಸರಿ ಎನ್ನುತ್ತದೆ. ಮನುಷ್ಯರಿಗೆ ಸಲ್ಲುವ ಈ ನೀರು ಸಮುದ್ರದ ತೊಟ್ಟಿಗೆ ಸಲ್ಲುವುದಿಲ್ಲ. ನಮಗೆ ಬೇಕಾದುದು ಈ ಕರಗಿದ ಘನಾಂಶವನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ, ಹೆಚ್ಚೆಂದರೆ ಐದರೊಳಗೆ ತೋರಿಸುವ ನೀರು.

ಇಲ್ಲಿ ನನ್ನ ಮೊದಲ ತೊಟ್ಟಿಯ ಸಂಗತಿಯನ್ನು ಹೇಳಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತಿದ್ದೆ. ಆರ್‌ಒ ನೀರು, ಅಂದರೆ ಸೂಕ್ಷ್ಮ ಪೊರೆಯ ಮೂಲಕ ಸೋಸಿದ ನೀರು, ಎಂದ ಮೇಲೆ ಶುದ್ಧವೇ ಇರುತ್ತದೆಂದು ಭಾವಿಸಿ ಅಳೆದೂ ನೋಡಲಿಲ್ಲ. ಮೂರನೇ ವಾರ ಮರಳಿನ ಮೇಲೆ ಕಂದು ಬಣ್ಣದ ನಯವಾದ ಪದರ ಹರಡಿತು. ಬೆರಳಿನಿಂದ ಒರೆಸಿದರೆ ಹೋಗುತ್ತಿತ್ತು, ಮರುದಿನ ಮಧ್ಯಾಹ್ನದೊಳಗೆ ಮತ್ತೆ ಅಲ್ಲೇ ಇರುತ್ತಿತ್ತು. ದೀಪದ ಸಮಯ ಕಡಿಮೆ ಮಾಡಿದೆ, ಮೀನಿಗೆ ಊಟ ಕಡಿಮೆ ಮಾಡಿದೆ, ಫಿಲ್ಟರ್ ಬದಲಿಸಿದೆ. ಕೊನೆಗೆ ಟಿಡಿಎಸ್ ಮೀಟರನ್ನು ಕ್ಯಾನಿನೊಳಗೆ ಇಳಿಸಿದಾಗ 140 ಎಂದು ತೋರಿಸಿತು. ಕುಡಿಯುವವರಿಗೆ ರುಚಿ ಇರಲೆಂದು ಘಟಕಗಳಲ್ಲಿ ಸ್ವಲ್ಪ ಹಸಿ ನೀರನ್ನು ಬೆರೆಸುವುದು ವಾಡಿಕೆ, ಪೊರೆ ಹಳೆಯದಾದಂತೆಯೂ ಟಿಡಿಎಸ್ ಏರುತ್ತದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ನಾನು ನೀರು ಬದಲಿಸಿದಾಗಲೆಲ್ಲ, ಆವಿಯಾದಷ್ಟು ತುಂಬಿದಾಗಲೆಲ್ಲ, ಬಂಡೆಯ ಸಿಲಿಕಾವನ್ನು ಕೈಯಾರೆ ಸುರಿಯುತ್ತಿದ್ದೆ. ಆ ಕಂದು ಪದರ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ತನ್ನ ಚಿಪ್ಪನ್ನು ಅದು ಸಿಲಿಕಾದಿಂದಲೇ ಕಟ್ಟಿಕೊಳ್ಳುತ್ತದೆ. ಹೊಸ ತೊಟ್ಟಿಗಳಲ್ಲಿ ಅದು ಕೆಲವು ವಾರ ಬಂದು ತಾನಾಗಿ ಹೋಗುವುದು ಸಹಜ. ತಿಂಗಳು ಕಳೆದರೂ ಹೋಗದಿದ್ದರೆ ಮಾತ್ರ ನೀರಿನ ಮೂಲವನ್ನು ಶಂಕಿಸಬೇಕು.

ಮನೆಯಲ್ಲಿ ಆರ್‌ಒ ಯಂತ್ರವಿರುವವರು ಇನ್ನೊಂದು ವಿಷಯವನ್ನು ಪರಿಶೀಲಿಸಬೇಕು. ಈಗ ಮಾರಾಟವಾಗುವ ಅನೇಕ ಯಂತ್ರಗಳಲ್ಲಿ ಪೊರೆಯ ನಂತರ ಖನಿಜ ಸೇರಿಸುವ ಕಾರ್ಟ್ರಿಜ್, ಟಿಡಿಎಸ್ ಹೊಂದಿಸುವ ತಿರುಪು, ಕೆಲವದರಲ್ಲಿ ತಾಮ್ರ ಸೇರಿಸುವ ಕಾರ್ಟ್ರಿಜ್ ಕೂಡ ಇರುತ್ತವೆ. ತಾಮ್ರ ನಮ್ಮ ಆರೋಗ್ಯಕ್ಕೆ ಒಳ್ಳೆಯದೆಂದು ಹಾಕಿರುತ್ತಾರೆ, ಆದರೆ ಸೀಗಡಿ, ಬಸವನಹುಳು, ಹವಳಗಳಿಗೆ ಅತ್ಯಲ್ಪ ತಾಮ್ರವೂ ವಿಷ. ಸರ್ವೀಸಿಗೆ ಬರುವವರಿಗೆ ಹೇಳಿ, ಪೊರೆಯಿಂದ ಹೊರಬರುವ ಕೊಳವೆಗೇ ಬೇರೆ ನಲ್ಲಿಯೊಂದನ್ನು ಕಟ್ಟಿಸಿಕೊಂಡು, ಅದರ ಮುಂದೆ ಉಳಿದ ಲವಣಗಳನ್ನು ಹೀರಿಕೊಳ್ಳುವ ಡಿಐ ರಾಳದ ಕಾರ್ಟ್ರಿಜ್ ಜೋಡಿಸಿದರೆ ಸೊನ್ನೆಯ ನೀರು ಸಿಗುತ್ತದೆ. ನಮ್ಮ ಗಡಸು ನೀರಿನಲ್ಲಿ ರಾಳ ಬೇಗ ತೀರುತ್ತದೆ, ಆದ್ದರಿಂದ ಪೊರೆ ಚೆನ್ನಾಗಿರುವಂತೆ ನೋಡಿಕೊಳ್ಳುವುದೇ ಉಳಿತಾಯ.

ಪಾತ್ರೆಯ ವಿಷಯಕ್ಕೆ ಬಂದರೆ, ಉಪ್ಪು ಬೆರೆಸಲು ಹೊಸ ಪ್ಲಾಸ್ಟಿಕ್ ಡ್ರಮ್ಮನ್ನೇ ಇಟ್ಟುಕೊಳ್ಳಿ. ತಾಮ್ರದ ಹಂಡೆ, ಕೊಡ, ಹಿತ್ತಾಳೆ ನಲ್ಲಿ, ಸತುವು ಲೇಪಿಸಿದ ಬಕೆಟ್ ಇವುಗಳನ್ನು ದೂರವಿಡಿ. ತೋಟ ಇರುವ ಮನೆಗಳಲ್ಲಿ ಇದಕ್ಕಿಂತ ಹೆಚ್ಚಿನ ಅಪಾಯವಿದೆ. ಶ್ರೀನಿವಾಸಪುರದ ಕಡೆಯ ಯುವಕನೊಬ್ಬ, ಟೊಮೊಟೊ ಬೆಳೆಯುವ ಮನೆಯವನು, ತೊಟ್ಟಿಯ ಸೀಗಡಿಗಳೆಲ್ಲ ಒಂದೇ ರಾತ್ರಿ ಸತ್ತವೆಂದು ನನ್ನನ್ನು ಕರೆದಿದ್ದ. ಅಮೋನಿಯಾ ಸೊನ್ನೆ, ಲವಣಾಂಶ ಸರಿ, ಮೀನುಗಳೆರಡೂ ಆರಾಮಾಗಿದ್ದವು. ಅವನ ಅಂಗೈಯ ಗೆರೆಗಳಲ್ಲಿ ಇನ್ನೂ ನೀಲಿ ಹಸಿರು ಛಾಯೆ ಉಳಿದಿತ್ತು. "ಬೆಳಿಗ್ಗೆ ಔಷಧಿ ಹೊಡ್ದಿದ್ದು ಅಣ್ಣಾ, ಸೋಪು ಹಾಕಿ ತೊಳ್ಕೊಂಡೇ ಕೈ ಹಾಕಿದ್ದು" ಎಂದ. ಟೊಮೊಟೊ, ದ್ರಾಕ್ಷಿಗೆ ಹೊಡೆಯುವ ಶಿಲೀಂಧ್ರನಾಶಕಗಳಲ್ಲಿ ಕಾಪರ್ ಆಕ್ಸಿಕ್ಲೋರೈಡ್ ಸಾಮಾನ್ಯ. ಕೀಟನಾಶಕಗಳಂತೂ ಸೀಗಡಿಯ ಜಾತಿಯ ಜೀವಿಗಳಿಗೆ ನೇರವಾಗಿಯೇ ಮಾರಕ. ಔಷಧಿ ಹೊಡೆದ ದಿನ ತೊಟ್ಟಿಗೆ ಕೈ ಹಾಕದಿರುವುದು, ಹಾಕಲೇಬೇಕಾದರೆ ಉದ್ದ ತೋಳಿನ ರಬ್ಬರ್ ಕೈಗವಸು ಧರಿಸುವುದು, ಔಷಧಿ ಕಲಸಿದ ಡ್ರಮ್ಮು ಎಷ್ಟೇ ತೊಳೆದಿದ್ದರೂ ಉಪ್ಪುನೀರಿಗೆ ಬಳಸದಿರುವುದು, ಇವನ್ನು ಮನೆಯವರೆಲ್ಲರಿಗೂ ಹೇಳಿಡಬೇಕು. ರೇಷ್ಮೆ ಸಾಕುವ ಶಿಡ್ಲಘಟ್ಟ, ಚಿಂತಾಮಣಿಯ ಕಡೆಯ ಮನೆಗಳಲ್ಲಿ ಹುಳುಮನೆ ಶುದ್ಧಿಗೆ ಬಳಸುವ ಬ್ಲೀಚಿಂಗ್ ಪೌಡರಿನ ದೂಳಿಗೂ ಇದೇ ಎಚ್ಚರ ಸಲ್ಲುತ್ತದೆ. ತಾಮ್ರ ಸೇರಿದೆ ಎಂಬ ಅನುಮಾನವಿದ್ದರೆ ತಾಮ್ರದ ಟೆಸ್ಟ್ ಕಿಟ್ ಬಳಸಿ ನೋಡಿ, ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್ ಇಟ್ಟು, ನೀರನ್ನು ಕೆಲವು ದಿನಗಳ ಅಂತರದಲ್ಲಿ ಹಲವು ಬಾರಿ ಬದಲಿಸಬೇಕು. ಕಲ್ಲು ಮತ್ತು ಮರಳು ತಾಮ್ರವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವುದರಿಂದ ಒಂದು ಬಾರಿಗೆ ಇದು ಮುಗಿಯುವುದಿಲ್ಲ.

ಕಲ್ಲು ಮತ್ತು ಮರಳಿನ ಬಗ್ಗೆ ಒಂದು ಮಾತು. ಕ್ರಷರಿನ ಎಂ-ಸ್ಯಾಂಡ್ ಹಾಕಬೇಡಿ. ಅದರ ದೂಳು ನೀರನ್ನು ಕದಡುತ್ತಲೇ ಇರುತ್ತದೆ, ಪಿಎಚ್‌ಗೂ ಅದರಿಂದ ಏನೂ ಸಹಾಯವಿಲ್ಲ. ಕಡಲಿನಿಂದ ತೆಗೆದ ಜೀವಂತ ಹವಳದ ಕಲ್ಲನ್ನು ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಕೊಳ್ಳಬೇಡಿ. ಕಲ್ಲು ಕಟ್ಟುವ ಹವಳಗಳೂ ಕಡಲಕುದುರೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಒಣ ಅರಗೊನೈಟ್ (ಸುಣ್ಣದಂಶದ) ಮರಳು ಮತ್ತು ರಂಧ್ರಗಳಿರುವ ಸೆರಾಮಿಕ್ ಕಲ್ಲು, ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾಗಳಿಗೆ ನೆಲೆ ಕೊಡುವ ಅದೇ ಕೆಲಸವನ್ನು ಮಾಡುತ್ತವೆ, ಸ್ವಲ್ಪ ಕಾಯಬೇಕಷ್ಟೆ.

ಅಮೋನಿಯಾ ಇಳಿಯದಿದ್ದರೆ

ಮೀನಿನ ಮಲ, ಉಳಿದ ಆಹಾರ, ಸತ್ತ ಜೀವಿ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಉಪ್ಪುನೀರಿನಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಈ ಅವಧಿಯಲ್ಲಿ ತೊಟ್ಟಿಯೊಳಗೆ ಮೀನು ಇರಬಾರದು. ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಅಮೋನಿಯಂ ಕ್ಲೋರೈಡ್ ಹಾಕಬಹುದು. 100 ಲೀಟರಿಗೆ ಸುಮಾರು 0.6 ಗ್ರಾಂ ಹಾಕಿದರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಗುತ್ತದೆ. ಕಲಾಯಿ ಹಾಕುವವರು ಬಳಸುವ ನವಸಾಗರವೂ ಇದೇ ಲವಣ, ಆದರೆ ಅದರಲ್ಲಿ ಲೋಹದ ಕಲ್ಮಶ ಇರಬಹುದಾದ್ದರಿಂದ ಪ್ರಯೋಗಾಲಯಕ್ಕೆ ಮಾರುವ ಶುದ್ಧ ಪುಡಿಯನ್ನೇ ತರಬೇಕು. ಹಾಕಿದ 2 ಪಿಪಿಎಂ ಅಮೋನಿಯಾ 24 ಗಂಟೆಯೊಳಗೆ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆ ಇದ್ದರೆ ತೊಟ್ಟಿ ಸಿದ್ಧವಾಗಿದೆ ಎಂದರ್ಥ.

ವಾರಗಟ್ಟಲೆ ಕಾದರೂ ಕಿಟ್ 0.25 ತೋರಿಸುತ್ತಲೇ ಇದೆ ಎಂಬ ದೂರು ಎಲ್ಲಕ್ಕಿಂತ ಹೆಚ್ಚಾಗಿ ಬರುತ್ತದೆ. ಇದಕ್ಕೆ ಸರಳವಾದ ಪರೀಕ್ಷೆಯಿದೆ. ಬಕೆಟ್‌ನಲ್ಲಿ ಹೊಸದಾಗಿ ಬೆರೆಸಿದ, ತೊಟ್ಟಿಗೆ ಇನ್ನೂ ಹಾಕದ ಉಪ್ಪುನೀರನ್ನು ಅದೇ ಕಿಟ್‌ನಿಂದ, ಅದೇ ಹೊತ್ತಿನಲ್ಲಿ, ಅಷ್ಟೇ ನಿಮಿಷ ಕಾದು ಪರೀಕ್ಷಿಸಿ. ಎರಡೂ ಕೊಳವೆಗಳ ಬಣ್ಣ ಒಂದೇ ಇದ್ದರೆ ಅದು ಕಿಟ್ಟಿನ ಸ್ವಭಾವ, ಅಥವಾ ಉಪ್ಪಿನಲ್ಲೇ ಇರುವ ಅತ್ಯಲ್ಪ ಅಮೋನಿಯಾ. ತೊಟ್ಟಿಯದು ಕಡುಹಸಿರಾಗಿದ್ದರೆ ಮಾತ್ರ ಚಿಂತಿಸಬೇಕು. ಅಮೋನಿಯಾವನ್ನು ಬಂಧಿಸುವ ಔಷಧ ಹಾಕಿದ್ದರೆ ಬಂಧಿತವಾದ ಅಮೋನಿಯಾವೂ ಅನೇಕ ಕಿಟ್‌ಗಳಲ್ಲಿ ಕಾಣಿಸುತ್ತದೆ ಎಂಬುದನ್ನೂ ನೆನಪಿಡಿ.

ಅಮೋನಿಯಾ ನಿಜಕ್ಕೂ ನಿಂತಿದ್ದರೆ ಕಾರಣಗಳು ಕೆಲವೇ. ಕಲ್ಲಿನ ಸಂದಿನಲ್ಲಿ ಸತ್ತ ಬಸವನಹುಳು ಅಥವಾ ಸೀಗಡಿ ಇರಬಹುದು, ಅದನ್ನು ವಾಸನೆಯಿಂದಲೇ ಪತ್ತೆ ಮಾಡಬಹುದು. ಫಿಲ್ಟರಿನ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿಯ ಕೆಳಗೆ ತೊಳೆದಿದ್ದರೆ ಬ್ಯಾಕ್ಟೀರಿಯಾಗಳೇ ಸತ್ತಿರುತ್ತವೆ; ಅದನ್ನು ಯಾವಾಗಲೂ ತೊಟ್ಟಿಯಿಂದ ತೆಗೆದ ಉಪ್ಪುನೀರಿನಲ್ಲೇ ಹಿಂಡಬೇಕು. ಕ್ಷಾರೀಯತೆ ಕುಸಿದಿದ್ದರೂ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ, ಏಕೆಂದರೆ ಅಮೋನಿಯಾವನ್ನು ನೈಟ್ರೇಟ್ ಮಾಡುವ ಕ್ರಿಯೆ ಕ್ಷಾರೀಯತೆಯನ್ನು ಕಬಳಿಸುತ್ತದೆ. 2 ಪಿಪಿಎಂ ಅಮೋನಿಯಾವನ್ನು ನಾಲ್ಕು ಬಾರಿ ಹಾಕಿದಷ್ಟರಲ್ಲಿ ಕ್ಷಾರೀಯತೆ ಅದನ್ನು ಅಳೆಯುವ ಡಿಕೆಎಚ್ ಮಾನದಲ್ಲಿ ಸುಮಾರು ಎರಡೂವರೆ ಇಳಿದಿರುತ್ತದೆ.

ನೈಟ್ರೈಟಿನ ಬಗ್ಗೆ ಸಿಹಿನೀರಿನ ಮೀನು ಸಾಕಿದವರಿಗೆ ಇರುವಷ್ಟು ಭಯ ಇಲ್ಲಿ ಬೇಕಿಲ್ಲ. ಸಮುದ್ರದ ನೀರಿನಲ್ಲಿರುವ ಅಪಾರ ಕ್ಲೋರೈಡ್ ಕಿವಿರುಗಳ ಮೂಲಕ ನೈಟ್ರೈಟ್ ಒಳಹೋಗುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ನೈಟ್ರೈಟ್ ಇರುವವರೆಗೂ ನೈಟ್ರೇಟ್ ಕಿಟ್ ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ. ಆದ್ದರಿಂದ ನೈಟ್ರೈಟ್ ಸೊನ್ನೆಯಾಗುವ ತನಕ ನೈಟ್ರೇಟನ್ನು ಅಳೆಯುವುದೇ ಬೇಡ.

ಮೀನನ್ನು ಆಗಲೇ ಬಿಟ್ಟುಬಿಟ್ಟಿದ್ದು, ಅಮೋನಿಯಾ ಏರಿದ್ದರೆ ಏನು ಮಾಡಬೇಕು? ಆಹಾರ ನಿಲ್ಲಿಸಿ, ಗಾಳಿಯ ಪಂಪು ಹೆಚ್ಚಿಸಿ, ಅದೇ ಉಷ್ಣತೆ ಮತ್ತು ಲವಣಾಂಶದ ಹೊಸ ಉಪ್ಪುನೀರಿನಿಂದ ಮೂರನೇ ಒಂದು ಭಾಗದಿಂದ ಅರ್ಧದಷ್ಟು ನೀರನ್ನು ಬದಲಿಸಿ. ಆ ದಿನ ಪಿಎಚ್ ಏರಿಸುವ ಯಾವುದನ್ನೂ ದಯವಿಟ್ಟು ಹಾಕಬೇಡಿ. ನೀರಿನಲ್ಲಿರುವ ಒಟ್ಟು ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಮುಕ್ತ ಅಮೋನಿಯಾದ ಪಾಲು ಪಿಎಚ್ 7ರಲ್ಲಿ ಶೇಕಡಾ 1ಕ್ಕೂ ಕಡಿಮೆ, ಪಿಎಚ್ 8.2ರಲ್ಲಿ, 25 ಡಿಗ್ರಿಯಲ್ಲಿ, ಅದು ಶೇಕಡಾ 6ರಿಂದ 8ರಷ್ಟಾಗುತ್ತದೆ. 7.8 ಇದ್ದ ಪಿಎಚನ್ನು ಒಳ್ಳೆಯದಾಗಲೆಂದು 8.2ಕ್ಕೆ ಏರಿಸಿದರೆ ವಿಷದ ಪಾಲು ಎರಡು ಪಟ್ಟಿಗೂ ಮೀರುತ್ತದೆ. ಉಸಿರಿಗೆ ಒದ್ದಾಡುತ್ತಿದ್ದ ಮೀನು ಅಂಥ ಬಾಟಲಿ ಸುರಿದ ಅರ್ಧ ಗಂಟೆಯಲ್ಲಿ ಮಗುಚಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಾಲಿನಂತಾದ ನೀರು, ಕ್ಷಾರೀಯತೆ, ಪಿಎಚ್

ನೀರು ಬೆಳ್ಳಗೆ ಕದಡಿದರೆ ಒಂದು ಗಾಜಿನ ಲೋಟದಲ್ಲಿ ತೆಗೆದುಕೊಂಡು ಬಿಳಿ ವಿನೆಗರಿನ ಕೆಲವು ಹನಿ ಬಿಡಿ. ತಿಳಿಯಾದರೆ ಅದು ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ತಿಳಿಯಾಗದಿದ್ದರೆ ಮರಳಿನ ದೂಳು ಅಥವಾ ಬ್ಯಾಕ್ಟೀರಿಯಾ. ಇವೆರಡೂ ಫಿಲ್ಟರ್ ಓಡುತ್ತಿದ್ದರೆ ಕೆಲವು ದಿನಗಳಲ್ಲಿ ತಾವಾಗಿ ಹೋಗುತ್ತವೆ. ಪರೀಕ್ಷೆ ಲೋಟದಲ್ಲಿ ಮಾತ್ರ, ತೊಟ್ಟಿಗೆ ವಿನೆಗರ್ ಹಾಕುವುದಲ್ಲ.

ಸುಣ್ಣ ಬೀಳಲು ನಮ್ಮಲ್ಲಿ ಸಾಮಾನ್ಯವಾದ ಕಾರಣ ಕೊಳವೆಬಾವಿಯ ನೀರಿಗೇ ಉಪ್ಪಿನ ಮಿಶ್ರಣ ಬೆರೆಸುವುದು. ಆ ನೀರಿನಲ್ಲಿ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಆಗಲೇ ಧಾರಾಳವಾಗಿರುತ್ತವೆ. ಮಿಶ್ರಣದಲ್ಲಿರುವುದೂ ಸೇರಿದಾಗ ನೀರು ಹಿಡಿದಿಟ್ಟುಕೊಳ್ಳಲಾರದೆ ಕೆಳಗೆ ಬಿಡುತ್ತದೆ. ಸ್ನಾನದ ಗೀಸರಿನ ಸುರುಳಿಗೆ ಕಟ್ಟುವ ಬಿಳಿ ಹಕ್ಕಳೆಯಂಥದ್ದೇ ತೊಟ್ಟಿಯ ಹೀಟರಿಗೂ ಪಂಪಿನ ಚಕ್ರಕ್ಕೂ ಕಟ್ಟುತ್ತದೆ, ಪಂಪು ಗುಂಯ್ ಎನ್ನುತ್ತಲೇ ತಿರುಗುವುದನ್ನು ನಿಲ್ಲಿಸುತ್ತದೆ. ಇನ್ನೊಂದು ಕಾರಣ ಬೆರೆಸುವ ಕ್ರಮ. ಡ್ರಮ್ಮಿನಲ್ಲಿ ಉಪ್ಪು ಹಾಕಿ ಮೇಲೆ ನೀರು ಸುರಿದರೆ ಆರಂಭದಲ್ಲಿ ದ್ರಾವಣ ವಿಪರೀತ ಗಟ್ಟಿಯಾಗಿ ಸುಣ್ಣ ಒಡೆಯುತ್ತದೆ. ಪೂರ್ತಿ ನೀರು ತುಂಬಿ, ಪಂಪು ಓಡಿಸುತ್ತಾ, ಉಪ್ಪನ್ನು ಹಿಡಿಹಿಡಿಯಾಗಿ ಉದುರಿಸಬೇಕು. 20 ಲೀಟರಿಗೆ ಸುಮಾರು 720ರಿಂದ 780 ಗ್ರಾಂ ಬೇಕಾಗುತ್ತದೆ, ಕಂಪನಿಗೆ ತಕ್ಕಂತೆ ಬದಲಾಗುತ್ತದೆ. ಸಾಗಣೆಯಲ್ಲಿ ಭಾರದ ಲವಣಗಳು ಚೀಲದ ತಳಕ್ಕೆ ಇಳಿದಿರುವುದರಿಂದ ಚೀಲ ಬಿಚ್ಚುವ ಮೊದಲು ಅದನ್ನು ನೆಲದ ಮೇಲೆ ಹಲವು ಬಾರಿ ಉರುಳಿಸಿ. ಒಂದು ತೊಟ್ಟಿಯಲ್ಲಿ ಕ್ಯಾಲ್ಸಿಯಂ ಪ್ರತಿ ತಿಂಗಳೂ ಬೇರೆ ಬೇರೆ ಬರುತ್ತಿದ್ದುದಕ್ಕೆ ಕೊನೆಗೆ ಸಿಕ್ಕ ಕಾರಣ ಇಷ್ಟೇ ಆಗಿತ್ತು.

ಕ್ಷಾರೀಯತೆ ಎಂದರೆ ನೀರು ಆಮ್ಲವನ್ನು ತಡೆದುಕೊಳ್ಳುವ ಶಕ್ತಿ. ಸಮುದ್ರದಲ್ಲಿ ಇದು ಸುಮಾರು 7 ಡಿಕೆಎಚ್, ಕ್ಯಾಲ್ಸಿಯಂ 410ರಿಂದ 420 ಪಿಪಿಎಂ, ಮೆಗ್ನೀಸಿಯಂ 1,300ರ ಆಸುಪಾಸು. ಹೊಸ ತೊಟ್ಟಿಯಲ್ಲಿ ಕ್ಷಾರೀಯತೆಯನ್ನು 7ರಿಂದ 9ರ ನಡುವೆ ಇಟ್ಟುಕೊಂಡರೆ ಸಾಕು. ಮೆಗ್ನೀಸಿಯಂ ತೀರಾ ಇಳಿದಿದ್ದರೆ ಉಳಿದೆರಡನ್ನು ಎಷ್ಟು ಏರಿಸಿದರೂ ಸುಣ್ಣವಾಗಿ ಬೀಳುತ್ತವೆ ಎಂಬುದು ಮಾತ್ರ ನೆನಪಿರಲಿ. ಕ್ಷಾರೀಯತೆ ಏರಿಸಲು ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್, ಒಳ್ಳೆಯ ವಸ್ತು. 100 ಲೀಟರಿಗೆ 3 ಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ. 150 ಲೀಟರಿನ ತೊಟ್ಟಿಯಲ್ಲಿ 6.2 ಇರುವುದನ್ನು 8ಕ್ಕೆ ತರಲು ಸುಮಾರು 8 ಗ್ರಾಂ ಬೇಕು. ಅದನ್ನು ಎರಡು ದಿನಕ್ಕೆ ಹಂಚಿ, ಒಂದು ಲೋಟ ಆರ್‌ಒ ನೀರಿನಲ್ಲಿ ಕರಗಿಸಿ, ಪಂಪಿನ ಹರಿವಿನ ಮುಂದೆ ನಿಧಾನವಾಗಿ ಸುರಿಯಬೇಕು. ಕೇಕಿಗೆ ಹಾಕುವ ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಬಳಸಬಾರದು.

ಕ್ಷಾರೀಯತೆ ಸರಿಯಿದ್ದೂ ಪಿಎಚ್ 7.8ರ ಬಳಿಯೇ ಇದ್ದರೆ ನೀರಿಗಿಂತ ಕೋಣೆಯ ಗಾಳಿಯ ಕಡೆ ನೋಡಬೇಕು. ಬಾಗಿಲು ಕಿಟಕಿ ಮುಚ್ಚಿ ನಾಲ್ಕೈದು ಮಂದಿ ಮಲಗುವ ಕೋಣೆಯಲ್ಲಿ, ಗ್ಯಾಸ್ ಒಲೆ ಉರಿಯುವ ಅಡುಗೆಮನೆಯ ಪಕ್ಕದಲ್ಲಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ. ಅದು ನೀರಿನಲ್ಲಿ ಕರಗಿ ಪಿಎಚ್ ಇಳಿಸುತ್ತದೆ. ಧನುರ್ಮಾಸದ ಚಳಿಯಲ್ಲಿ ಇಲ್ಲಿ ಎಲ್ಲರೂ ಕಿಟಕಿ ಮುಚ್ಚಿಯೇ ಮಲಗುವುದರಿಂದ ಆ ದಿನಗಳಲ್ಲಿ ಈ ದೂರು ಹೆಚ್ಚು. ಪರೀಕ್ಷಿಸುವುದು ಸುಲಭ. ತೊಟ್ಟಿಯ ನೀರನ್ನು ಎರಡು ಲೋಟಗಳಲ್ಲಿ ತೆಗೆದುಕೊಂಡು, ಒಂದಕ್ಕೆ ಕೋಣೆಯೊಳಗೆ, ಇನ್ನೊಂದಕ್ಕೆ ಅಂಗಳದಲ್ಲಿ, ಒಂದು ಗಂಟೆ ಗಾಳಿಯ ಪಂಪಿನಿಂದ ಗುಳ್ಳೆ ಬಿಡಿ. ಅಂಗಳದ ಲೋಟದಲ್ಲಿ ಮಾತ್ರ ಪಿಎಚ್ ಏರಿದರೆ ಕಾರಣ ಕೋಣೆಯ ಗಾಳಿ. ಎರಡರಲ್ಲೂ ಏರಿದರೆ ತೊಟ್ಟಿಯ ಮೇಲ್ಮೈ ಸಾಕಷ್ಟು ಅಲುಗಾಡುತ್ತಿಲ್ಲ. ಎರಡರಲ್ಲೂ ಏರದಿದ್ದರೆ ಕ್ಷಾರೀಯತೆಯನ್ನು ಮತ್ತೊಮ್ಮೆ ಅಳೆಯಿರಿ. ಬಹಳಷ್ಟು ಮನೆಗಳಲ್ಲಿ ಕಿಟಕಿಯ ಒಂದು ಬಾಗಿಲನ್ನು ತೆರೆದಿಡುವುದರಿಂದಲೇ ಇದು ಸರಿಹೋಗುತ್ತದೆ. ಬೆಳಗಿನ ಜಾವ ಪಿಎಚ್ ತಗ್ಗಿ ಸಂಜೆಗೆ ಏರುವುದು ಸಹಜವಾದ್ದರಿಂದ ಅಳತೆ ದಿನವೂ ಒಂದೇ ಹೊತ್ತಿನದಾಗಿರಬೇಕು.

ಬೇಸಿಗೆ ಮತ್ತು ಕರೆಂಟು

ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ನಮ್ಮ ಊರುಗಳಲ್ಲಿ ಚಳಿಗಾಲ ಹೀಟರಿನಿಂದ ಸುಧಾರಿಸುತ್ತದೆ, ಕಷ್ಟವಾಗುವುದು ಮಾರ್ಚಿಯಿಂದ ಮೇ ವರೆಗೆ. ನೀರು 24ರಿಂದ 27 ಡಿಗ್ರಿಯಲ್ಲಿರಲೆಂದು ತೊಟ್ಟಿಯ ಮೇಲೆ ಸಣ್ಣ ಫ್ಯಾನ್ ಇಟ್ಟರೆ ಒಂದೆರಡು ಡಿಗ್ರಿ ಇಳಿಯುತ್ತದೆ, ಆದರೆ ಒಣ ಗಾಳಿಗೆ ನೀರು ಬೇಗ ಆವಿಯಾಗುತ್ತದೆ, ಉಪ್ಪು ಹಿಂದೆಯೇ ಉಳಿಯುತ್ತದೆ. 150 ಲೀಟರಿನ ತೊಟ್ಟಿಯಲ್ಲಿ ದಿನಕ್ಕೆ 3 ಲೀಟರ್ ಆವಿಯಾಗುತ್ತಿದ್ದು, ನೀವು ಯುಗಾದಿಗೆಂದು ನಾಲ್ಕು ದಿನ ಊರಿಗೆ ಹೋಗಿ ಬಂದರೆ 35 ಇದ್ದ ಲವಣಾಂಶ 38 ಆಗಿರುತ್ತದೆ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಟೇಪಿನ ಗುರುತು ಅಂಟಿಸಿ, ದಿನವೂ ಆ ಗುರುತಿನವರೆಗೆ ಸಾದಾ ಆರ್‌ಒ ನೀರನ್ನು ತುಂಬಿ, ಉಪ್ಪುನೀರನ್ನಲ್ಲ. ಏರಿಹೋದ ಲವಣಾಂಶವನ್ನು ಇಳಿಸುವಾಗ ಆ 12 ಲೀಟರನ್ನು ಒಮ್ಮೆಲೇ ಸುರಿಯದೆ ಎರಡು ಮೂರು ದಿನಕ್ಕೆ ಹಂಚಿಕೊಳ್ಳಿ. ಲವಣಾಂಶ ತಗ್ಗಿದ್ದರೆ ತೊಟ್ಟಿಗೆ ನೇರವಾಗಿ ಉಪ್ಪು ಹಾಕದೆ, ಆವಿಯಾದಷ್ಟನ್ನು ಕೆಲವು ದಿನ ಉಪ್ಪುನೀರಿನಿಂದಲೇ ತುಂಬಿದರೆ ನಿಧಾನವಾಗಿ ಏರುತ್ತದೆ.

ಕರೆಂಟು ಹೋದಾಗ ಮೊದಲು ಕಡಿಮೆಯಾಗುವುದು ಆಮ್ಲಜನಕ. ಬ್ಯಾಟರಿಯ ಗಾಳಿ ಪಂಪು ದುಬಾರಿಯಲ್ಲ, ಅದೊಂದನ್ನು ಇಟ್ಟುಕೊಳ್ಳಿ. ಮನೆಯ ಯುಪಿಎಸ್‌ಗೆ ಪಂಪನ್ನು ಮಾತ್ರ ಜೋಡಿಸಿದರೂ ಆದೀತು. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಒಳಗಿನ ಬ್ಯಾಕ್ಟೀರಿಯಾ ಉಸಿರುಕಟ್ಟಿ ಸತ್ತಿರುತ್ತವೆ. ಕರೆಂಟು ಬಂದ ಕೂಡಲೇ ಅದನ್ನು ಓಡಿಸದೆ, ಒಳಗಿನ ನೀರನ್ನು ಚೆಲ್ಲಿ, ತೊಟ್ಟಿಯ ನೀರಿನಲ್ಲೇ ಸ್ಪಂಜನ್ನು ಅದ್ದಿ ತೊಳೆದು, ಆಮೇಲೆ ಓಡಿಸಿ, ಅಂದು ಸಂಜೆ ಅಮೋನಿಯಾ ಅಳೆಯಿರಿ.

ಮೊದಲ ಮೀನು

ಅಳತೆಗಳೆಲ್ಲ ಎರಡು ವಾರ ಸ್ಥಿರವಾಗಿ ನಿಂತ ಮೇಲೆ ಒಂದು ಜೋಡಿ ಕ್ಲೌನ್ ಮೀನಿನಿಂದ ಆರಂಭಿಸಿ. ತಮಿಳುನಾಡಿನ ಮಂಡಪಂನ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಕೇಂದ್ರದಂಥ ಕಡೆ ಇವುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪುಗೊಂಡಿರುವುದರಿಂದ ಕಡಲಿನಿಂದ ಹಿಡಿದು ತಂದವನ್ನು ಕೊಳ್ಳುವ ಅಗತ್ಯವಿಲ್ಲ. ಸಾಕಿದ ಮರಿಗಳು ನಮ್ಮ ತೊಟ್ಟಿಗೆ ಬೇಗ ಒಗ್ಗುತ್ತವೆ ಕೂಡ. ಅಂಗಡಿಯ ಚೀಲದ ನೀರಿನ ಲವಣಾಂಶವನ್ನು ಮೊದಲು ಅಳೆಯಿರಿ. ಅದು ನಿಮ್ಮದಕ್ಕಿಂತ ಬಹಳ ಕಡಿಮೆ ಇರಬಹುದು, ಹಾಗಿದ್ದರೆ ಸಣ್ಣ ಕೊಳವೆಯಿಂದ ನಿಮ್ಮ ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸುತ್ತಾ ಒಗ್ಗಿಸಿ, ಚೀಲದ ನೀರನ್ನು ತೊಟ್ಟಿಗೆ ಸುರಿಯದೆ ಮೀನನ್ನು ಮಾತ್ರ ಬಿಡಿ. ಮೊದಲ ಹತ್ತು ದಿನ ಪ್ರತಿ ಸಂಜೆ ಒಂದೇ ಹೊತ್ತಿಗೆ ಅಮೋನಿಯಾ ಮತ್ತು ಲವಣಾಂಶ, ಎರಡು ದಿನಕ್ಕೊಮ್ಮೆ ಕ್ಷಾರೀಯತೆ ಅಳೆದು, ತಾರೀಖಿನೊಂದಿಗೆ ನೋಟ್ ಪುಸ್ತಕದಲ್ಲಿ ಬರೆಯಿರಿ. ಅಂದು ಎಷ್ಟು ನೀರು ತುಂಬಿದಿರಿ, ಕ್ಯಾನಿನ ಟಿಡಿಎಸ್ ಎಷ್ಟಿತ್ತು ಎಂಬುದನ್ನೂ ಅದೇ ಸಾಲಿನಲ್ಲಿ ಸೇರಿಸಿ. ಮುಂದಿನ ಮೀನನ್ನು ತರುವುದು ಇನ್ನೂ ಮೂರು ವಾರ ತಡವಾಗಲಿ.